ಸಡಿಲ ಬೆಲ್ಟಿನ ಹಾಡು

ಜಜ್ಜಿಹೋದ ಕಾರುಗಳ ತಗಡು ತಟ್ಟಿ ನೇರ ಮಾಡುವ ಮೇಸ್ತ್ರಿಯನ್ನು ಎಲ್ಲರೂ ಗುಡುಗಪ್ಪ ಎನ್ನುತ್ತಿದ್ದರು. ಸುತ್ತಿಗೆಯ ಸದ್ದಿಗಲ್ಲ, ಬಾಯಿಯ ಜೋರಿಗೆ. ಹರೆಯದಲ್ಲಿ ಇದೇ ಗ್ಯಾರೇಜಿನಲ್ಲಿ ಅವನು ಡ್ರಮ್ ಬಾರಿಸುತ್ತಿದ್ದ, ಅಣ್ಣ ಹಾಡುತ್ತಿದ್ದ. ಆ ಕಡೆ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತವನ್ನು ಮೊದಲು ಬಾರಿಸಿದವರು ಅವರೇ. ಆಗ ಬಾಗಿಲಿಗೆ ಕಲ್ಲು ಬಿದ್ದಿತ್ತು. ಈಗ ಅಣ್ಣ ಸತ್ತು ವರ್ಷಗಳಾದ ಮೇಲೆ, ಅವರ ಒಂದೇ ಕ್ಯಾಸೆಟ್ಟಿನ ನಕಲು ಕೇಳಿ ಬೆಳೆದ ಪಡ್ಡೆಗಳು ಅವನ ನೆನಪಿಗೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗಿಟಾರಿಗೆ ಅಣ್ಣನ ಮಗಳು, ಡ್ರಮ್ಮಿಗೆ ಚಿಕ್ಕಪ್ಪ.

ತಾಲೀಮಿನ ಮೊದಲ ಹಾಡಿಗೇ ಅವಳು ಕೈಯೆತ್ತಿದಳು.

"ಚಿಕ್ಕಪ್ಪಾ, ಬಸ್ಸೇನಾದ್ರೂ ತಪ್ಪಿಹೋಗುತ್ತಾ? ಯಾಕಿಷ್ಟು ಓಡ್ತೀರಿ?"

"ಈ ಹಾಡು ಹುಟ್ಟಿದಾಗ ನಿಮ್ಮಮ್ಮನೇ ಈ ಮನೆಗೆ ಬಂದಿರ್ಲಿಲ್ಲ. ನಂಗೆ ಹೇಳ್ಕೊಡ್ಬೇಡ."

ಅವಳು ಫೋನಿನಲ್ಲಿ ಆ ನಕಲಿನ ಹಾಡು ಹಾಕಿದಳು. ಅಣ್ಣ ಹೋದ ಮೇಲೆ ಅವನು ಅದನ್ನು ಕೇಳಿರಲಿಲ್ಲ, ಧೈರ್ಯವಿರಲಿಲ್ಲ. ಆನೆ ಕೆಸರಿನಿಂದ ಕಾಲು ಕಿತ್ತಿಟ್ಟಂಥ ಪೆಟ್ಟುಗಳು. ಬಾವಿಯ ತಳದಿಂದ ಬಂದಂಥ ದನಿ. ಕೈ ಸುಳ್ಳು ಹೇಳುತ್ತಿದೆಯೋ, ಕಿವಿಯೋ?

ಅವನು ಅಟ್ಟ ಹತ್ತಿ ಮೂಲ ಕ್ಯಾಸೆಟ್ಟನ್ನೂ ಹಳೆಯ ಪ್ಲೇಯರನ್ನೂ ಇಳಿಸಿದ. ನಕಲು ಮಾಡುವಾಗ ಮೂಲವನ್ನು ಓಡಿಸಿದ್ದು ಅದರಲ್ಲೇ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಹಳೇ ಚಡ್ಡಿಯ ಎಲಾಸ್ಟಿಕ್ಕಿನಂತೆ ಜೋತುಬಿದ್ದಿತ್ತು. ಆಗಲೂ ಅದು ಜಾರುತ್ತಿತ್ತು, "ನಡೆಯುತ್ತೆ ಬಿಡು" ಎಂದಿದ್ದವನು ತಾನೇ. ಕ್ಯಾಸೆಟ್ಟು ನಿಧಾನವಾಗಿ ತಿರುಗಿ ದನಿಯೂ ದಪ್ಪಗಾಗಿತ್ತು, ನಕಲುಗಳಿಗೆಲ್ಲ ಆ ಆಮೆಯ ನಡಿಗೆಯೇ ಅಂಟಿತ್ತು.

ಹೊಸ ಬೆಲ್ಟು ಹಾಕಿ ಗುಂಡಿ ಒತ್ತಿದ. ತೆಳ್ಳಗಿನ ಅವಸರದ ದನಿ, ಮೀಸೆ ಮೂಡದ ಹುಡುಗನದಂತೆ.

"ಇದ್ಯಾವ ಬ್ಯಾಂಡು?" ಎಂದು ತಾಲೀಮಿಗೆ ಬಂದಿದ್ದ ಹುಡುಗರು ನಕ್ಕರು.

ಗುಡುಗಪ್ಪ ಪ್ಲೇಯರನ್ನು ಕಂಕುಳಲ್ಲಿರಿಸಿಕೊಂಡು ಅತ್ತಿಗೆಯ ಅಡುಗೆಮನೆಗೆ ನುಗ್ಗಿ ಗುಂಡಿ ಒತ್ತಿದ. ಅವಳಿಗಾದರೂ ಗೊತ್ತಿರಲೇಬೇಕು.

"ಯಾರಿದು?" ಎಂದಳು ಅವಳು.

"ನಿನ್ ಗಂಡ, ಅತ್ತಿಗೆ!"

"ಸುಮ್ನಿರಪ್ಪ. ದಿನಾ ಕೇಳ್ತೀನಿ, ಅವರ ದನಿ ನಂಗೊತ್ತಿಲ್ವಾ? ಇದ್ಯಾವುದೋ ಕೋಳಿಮರಿ." ತನ್ನ ಫೋನಿನಲ್ಲಿ ಬಾವಿಯ ದನಿ ಹಾಕಿ ಕಣ್ಣು ಮುಚ್ಚಿದಳು. "ಇವರು ನೋಡು."

ಗುಡುಗಪ್ಪ ಪ್ಲೇಯರ್ ನಿಲ್ಲಿಸಿದ. ಅಣ್ಣ ತನ್ನನ್ನು ಊಟಕ್ಕೆ ಕರೆಯುತ್ತಿದ್ದುದನ್ನು ನೆನೆಸಿಕೊಳ್ಳಲು ನೋಡಿದ. ನೆನಪಿನಲ್ಲೂ ಕರೆದದ್ದು ಬಾವಿಯ ದನಿಯೇ. ಅವನಿಗೆ ಹೆದರಿಕೆಯಾಯಿತು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಕರಿ ಅಂಗಿಗಳ ಮೇಲೆಲ್ಲ ಅಣ್ಣನ ಮುಖ. ಮಗಳು ಹಿಂದೆ ತಿರುಗಿದಳು.

"ಯಾವ ಓಟಕ್ಕೆ, ಚಿಕ್ಕಪ್ಪ? ನಿಧಾನದ್ದಾ, ಜೋರಿನದ್ದಾ?"

"ನಿಮ್ಮಪ್ಪನ ಓಟಕ್ಕೆ."

"ಅದೇ, ಯಾವುದು?"

ಅವನಿಗೆ ಗೊತ್ತಿದ್ದರೆ ತಾನೇ! ಮೊದಲ ಸಾಲಿನಲ್ಲಿ ಅತ್ತಿಗೆ ಆಗಲೇ ಕಣ್ಣು ಮುಚ್ಚಿ ಕೂತಿದ್ದಳು.

ಅವನು ಆನೆಯ ಹೆಜ್ಜೆಯನ್ನೇ ಬಾರಿಸಿದ. ಜನ ಹುಚ್ಚೆದ್ದು ಕೂಗಿದರು. ಅವನ ಕೈ ಮಾತ್ರ ಪ್ರತಿ ಪೆಟ್ಟಿಗೂ ಮುಂದಕ್ಕೆ ಜಗ್ಗುತ್ತಿತ್ತು. ಅಣ್ಣ ಎಲ್ಲೋ ಮುಂದೆ, ಹಾಡು ಯಾವಾಗಲೋ ಮುಗಿಸಿ, ಇವನು ಬರಲೆಂದು ಕಾಯುತ್ತಿರುವ ಹಾಗೆ.