ಎದ್ದು ಕೂತ ಹೆಣ

ದರ್ಜಿ ಅಜ್ಜಿ ಗಂಟಲೆತ್ತಿ ಹಾಡಿದ್ರೆ ಸತ್ತೋರೂ ಎದ್ದು ಕೂರ್ತಾರೆ. ಆಯ್ತಪ್ಪ, ಅರ್ಧ ಸುಳ್ಳು. ಎದ್ದು ಕೂತಿದ್ದು ಒಬ್ಬಳೇ, ಅವಳೂ ಸತ್ತಿರಲಿಲ್ಲ.

ಅಜ್ಜಿ ಗಂಡನ ಮನೆಯೋರದ್ದು ಒಂದು ಹಳೇ ಭಾಷೆ. ಅದರಲ್ಲಿ ಸತ್ತವರನ್ನ ಕಳಿಸಿಕೊಡೋ ಹಾಡು ಒಂದಿತ್ತು, ಮೂರು ನುಡಿ, ಅಂದ್ರೆ ಮೂರು ಚರಣ. ಈಗ ಆ ಭಾಷೆ ಆಡೋರೂ ಇಲ್ಲ, ಹಾಡು ಬರೋದೂ ಅಜ್ಜಿಗೊಬ್ಬಳಿಗೇ. ರೇಡಿಯೋದವಳು ಅದನ್ನ ರೆಕಾರ್ಡ್ ಮಾಡೋಕೆ ಬಂದು ಬಂದು ಚಪ್ಪಲಿ ಸವೆಸಿಕೊಂಡಳು. ಅಜ್ಜಿ ಒಂದೊಂದು ಸಲಕ್ಕೆ ಒಂದೊಂದು ನೆಪ ಹೇಳಿದಳು. ಕೊನೇ ನುಡಿ ಮರೆತೇ ಹೋಗಿತ್ತು. ಹಾಗಂತ ಬಾಯಿಬಿಟ್ಟು ಹೇಳೋಕಾಗುತ್ತಾ?

"ಹೆಣ ಮುಂದಿಲ್ದೆ ಹಾಡೋ ಹಂಗಿಲ್ಲ ಕಣಮ್ಮ," ಅಂದಳು ಕೊನೆಗೆ.

"ನಾನು ಮಲಗ್ತೀನಿ ಬಿಡು," ಅಂತ ಬಾಗಿಲಲ್ಲಿ ದನಿ.

ನೋಡಿದ್ರೆ ನಾದಿನಿ! ಒಂದು ಅಂಗಿಯ ಕಾಜಾ, ಅದೇ ಗುಂಡಿ ತೂತಿನ ವಿಷಯಕ್ಕೆ ಜಗಳ ಆಡಿ, ಪಕ್ಕದ ಗೋಡೆಯಾಚೆಯೇ ಇದ್ದುಕೊಂಡು ಹನ್ನೆರಡು ವರ್ಷ ಮಾತು ಬಿಟ್ಟವಳು. ಸೀದಾ ಬಂದು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಮಲಗಿ, ಪರದೆ ಬಟ್ಟೆ ಎಳೆದು ಹೊದ್ದುಕೊಂಡಳು.

"ಗಿರಾಕಿದು ಕಣೇ, ಸುಕ್ಕು ಮಾಡಬೇಡ!"

"ಹೆಣದ ಜೊತೆ ಮಾತಾಡ್ತಾರೇನೇ?"

ಹಾಡಿಗೊಂದು ಕಟ್ಟಳೆ. ಪ್ರತಿ ನುಡಿ ಮುಗಿದಾಗಲೂ ಸತ್ತವರದ್ದು ಒಂದು ಒಳ್ಳೇದು ಹೇಳಬೇಕು. ಸುಳ್ಳಾಗಿದ್ರೆ ಹಾಡು ಮುಂದಕ್ಕೆ ಹೋಗಲ್ಲ.

ಮೊದಲ ನುಡಿ ಆಯ್ತು. "ಇವಳು ಹಾಕಿದ ಹೊಲಿಗೆ ಆನೆ ಎಳೆದ್ರೂ ಬಿಚ್ಚಲ್ಲ," ಅಂದಳು ಅಜ್ಜಿ, ಹಲ್ಲು ಕಚ್ಚಿಕೊಂಡು.

ಎರಡನೇದಾಯ್ತು. ಅಜ್ಜಿ ಪರದೆಯ ಸುಕ್ಕು ನೇವರಿಸಿದಳು. "ಇವಳಣ್ಣ, ನನ್ನ ಗಂಡ, ತೀರಿಹೋದಾಗ ನನಗೆ ಸೂಜಿ ಹಿಡಿಯೋಕೂ ಆಗ್ತಿರಲಿಲ್ಲ. ನನಗೆ ಬಂದ ಬಟ್ಟೆಯೆಲ್ಲ ಇವಳೇ ಹೊಲಿದು, ನನ್ನ ಹೆಸರಲ್ಲೇ ಕೊಟ್ಟಳು. ಯಾರಿಗೂ ಹೇಳಲಿಲ್ಲ."

ಪರದೆ ಅಲುಗಾಡಿತು.

ಮೂರನೇದು. ಅಜ್ಜಿ ಬಾಯಿ ತೆರೆದಳು. ಗಾಳಿ ಬಂತು, ಹಾಡು ಬರಲಿಲ್ಲ. ರೇಡಿಯೋದವಳು ಮೈಕು ಇನ್ನಷ್ಟು ಹತ್ತಿರ ತಂದಳು.

ಆಗ ಹೆಣ ಎದ್ದು ಕೂತಿತು.

"ನೀನು ಗುನುಗೋದನ್ನ ಗೋಡೆಯಾಚೆಯಿಂದ ದಿನಾ ಕೇಳ್ತಿದೀನಿ ಅತ್ತಿಗೆ, ದಿನಾ ಇಲ್ಲೇ ಸಿಕ್ಕಿಹಾಕ್ಕೋತೀಯ. ನಿನಗೆ ಕಲಿಸಿದ್ದು ನಮ್ಮಮ್ಮ ತಾನೇ? ಒಲೆ ಹಿಂದೆ ಕೂತು ನಾನೂ ಕೇಳಿಸ್ಕೊಂಡಿದ್ದೆ. ಈಗ ನೀನು ಮಲಗು."

ಅಜ್ಜಿ ಮೇಜು ಹತ್ತಿ ಮಲಗಿದಳು. ಪರದೆಯೊಳಗೆ ಕತ್ತಲೆ. ಎದೆ ಹೊಲಿಗೆ ಮಿಷನ್ನಿಗಿಂತ ಜೋರಾಗಿ ಓಡ್ತಿತ್ತು. ಹೊರಗೆ ನಾದಿನಿ ಒಂದಕ್ಷರ ಬಿಡದೆ ಕೊನೇ ನುಡಿ ಹಾಡಿದಳು, ಥೇಟ್ ಅತ್ತೆಯದೇ ದನಿ. ಅಜ್ಜಿ ಕಣ್ಣೀರಿಗೆ ಗಿರಾಕಿ ಪರದೆ ತೊಯ್ದು ತೊಪ್ಪೆ ಆಯ್ತು.

ಇನ್ನು ಒಳ್ಳೇದೊಂದು ಹೇಳಬೇಕು. ಹೇಳದಿದ್ರೆ ಹಾಡು ಮುಗಿಯಲ್ಲ.

ನಾದಿನಿ ಗಂಟಲು ಸರಿಮಾಡಿಕೊಂಡಳು.

ಏನಂದಿರಬಹುದು? ಹೇಳಿ ನೋಡೋಣ. ನೆನಪಿರಲಿ, ಸುಳ್ಳು ಹೇಳೋ ಹಂಗಿಲ್ಲ.