ಯಾವ ಆಯ್ತು?

ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರುಗಳೆಲ್ಲ ಹಸಿರಾದವು. ಭುವನೇಶ್ವರಿ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಇನ್ನೇನು ಬಾಯಿಗಿಡಬೇಕು, ಎದುರಿನ ಪರದೆಯ ಮೇಲೆ ಕೆಂಪಗಿದ್ದ ಸಾಲು ಮೇಲಿನಿಂದ ಕೆಳಗಿನವರೆಗೆ ಹಸಿರಾಗಿ ಕೂತುಬಿಟ್ಟಿತು. ಅವಳಿಗೆ ಖುಷಿಯೋ ಖುಷಿ. ದಿನಾ ಈ ಕೆಲಸ ಮುಗಿಯುವುದರೊಳಗೆ ಅವಳ ಊಟ ಆರಿ ಹೋಗುತ್ತಿತ್ತು.

ಕೆಲಸವೆಂದರೆ ಇದು. ಸೇಡಂ ಆಚೆಯ ಸುಣ್ಣದಕಲ್ಲಿನ ಗಣಿಯೊಂದರಲ್ಲಿ ಮಧ್ಯಾಹ್ನ ಮದ್ದು ಹಾರಿಸುವ ಮೊದಲು ಸುತ್ತಲಿನ ಹೊಲದವರಿಗೆ, ಕುರಿ ಕಾಯುವವರಿಗೆ ಕಂಪ್ಯೂಟರೇ ಫೋನ್ ಮಾಡಿ ದೂರ ಸರಿಯಲು ಹೇಳುತ್ತಿತ್ತು. ಕೇಳಿದವರು ಒಂದರ ಗುಂಡಿ ಒತ್ತಬೇಕು; ಕರೆ ತಪ್ಪಿದರೆ ಅದೇ ನಂಬರಿಗೆ ತಿರುಗಿ ಹಚ್ಚಿಯೂ ಒತ್ತಬಹುದು. ಒತ್ತಿದರೆ ಅವರ ಹೆಸರು ಹಸಿರಾಗುತ್ತಿತ್ತು. ಎಲ್ಲರೂ ಹಸಿರಾದ ಮೇಲೆಯೇ ಗಣಿಯಲ್ಲಿ ಮದ್ದು ಹಾರಿಸುವ ಭೀಮಶ್ಯಾ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದ. ಇದನ್ನು ನಡೆಸುವ ಸಾಫ್ಟ್‌ವೇರು ಗುರುಲಿಂಗಯ್ಯನವರ ಕಂಪನಿಯದು. ಕಂಪನಿಯೆಂದರೆ ಸೇಡಂ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಎರಡು ಕೋಣೆ. ಅಲ್ಲಿನ ಉಸ್ತುವಾರಿಯೆಲ್ಲ ಭುವನೇಶ್ವರಿಯದು.

ರೊಟ್ಟಿ ಬಾಯಲ್ಲಿಟ್ಟುಕೊಂಡೇ ಅವಳು ಚಿಂಚೋಳಿಯ ಅದ್ನಾನನಿಗೆ ಫೋನ್ ಹಚ್ಚಿದಳು. ಸಂತೋಷಕುಮಾರ ವಾಡಿಯಲ್ಲಿ ಕೂತು ಬರೆದ ಕೋಡನ್ನು ಅದ್ನಾನ್ ಚಿಂಚೋಳಿಯಲ್ಲಿ ಕೂತು ಪರೀಕ್ಷಿಸುತ್ತಿದ್ದ.

“ಶಾಬಾಸ್ ತಮ್ಮಾ! ಹೊಸಾದು ಗಾಳಿ ಹಂಗ ಓಡಲಿಕತ್ತದ ನೋಡು.”

“ಯಾವ ಹೊಸಾದ್ರಿ ಅಕ್ಕಾ?”

“ಅದೇ, ಫೋನ್ ಎತ್ತಲಾರದವ್ರಿಗಿ ತಿರುಗಿ ಹಚ್ಚೋದು. ಮುಂಜಾನಿ ನೋಡಿ ಪಾಸ್ ಮಾಡೀಯಲ್ಲ.”

ಚಹಾದ ಹೋಟೆಲಿನ ಗದ್ದಲದ ನಡುವೆ ಅವನು ದನಿ ಏರಿಸಿದ.

“ನಾ ಇನ್ನಾ ನೋಡೇ ಇಲ್ರಿ.”

“ಬೋರ್ಡಿನ್ಯಾಗ ‘ಆಯ್ತು’ ಅಂತ ಒತ್ತೀಯಲ್ಲೋ!”

“ಹೌದ್ರಿ, ಒತ್ತೀನಿ. ನೀವು ನೋಡು ಅಂತ ಬರದಿದ್ರಿ. ನಾ ಆಯ್ತು ಅಂದೆ.”

ಭುವನೇಶ್ವರಿ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿದಳು.

ದೀಪಾವಳಿಗೆ ಮುಂಚೆ ಅವರ ಕೆಲಸವೆಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತಿತ್ತು. ಗಣಿಯವರು ಕೇಳಿದ ಬದಲಾವಣೆ, ಸಂತೋಷಕುಮಾರ ಬರೆದದ್ದು, ಅದ್ನಾನ್ ಹಿಡಿದ ತಪ್ಪು, ಗುರುಲಿಂಗಯ್ಯನವರು ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಗುಲಾಬಿ, ಎಲ್ಲ ಒಂದೇ ಗಂಟು. ಗಣಿಯಲ್ಲಿ ಈಗ ಓಡುತ್ತಿರುವುದು ಹಳೆಯದೋ ಹೊಸದೋ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು. ಗುರುಲಿಂಗಯ್ಯನವರ ಬೆನ್ನು ಬಿದ್ದು, ಕೆಲಸದ ಒಂದೊಂದು ಹಂತಕ್ಕೆ ಒಂದೊಂದು ಮನೆಯಿರುವ ಈ ಆನ್‌ಲೈನ್ ಬೋರ್ಡನ್ನು ತರಿಸಿದವಳು ಭುವನೇಶ್ವರಿಯೇ. ಈಗ ಯಾರು ಕೇಳಿದರು, ಯಾರು ಬರೆದರು, ಯಾರು ಪರೀಕ್ಷಿಸಿದರು ಎಂಬುದೆಲ್ಲ ಊರೂರಿನಲ್ಲಿ ಕೂತವರಿಗೆ ಒಂದೇ ಜಾಗದಲ್ಲಿ ಕಾಣುತ್ತಿತ್ತು. ಪರೀಕ್ಷಿಸಿದವನು ಒಂದು ಕೆಲಸವನ್ನು ಕೊನೆಯ ಮನೆಗೆ ದಾಟಿಸಿದನೆಂದರೆ ಅದು ತಾನಾಗಿಯೇ ಗಣಿಯ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು.

ಆ ಮನೆಗಳಿಗೆ ಇಂಗ್ಲಿಷ್ ಹೆಸರು ಯಾಕೆ, ನಮ್ಮ ಮಾತೇ ಇರಲಿ ಎಂದು ಹುರುಪಿನಿಂದ ಹೆಸರಿಟ್ಟವಳೂ ಅವಳೇ: ಮಾಡೋದದ, ನಡದದ, ನೋಡೋದದ, ಆಯ್ತು. ನಮ್ಮ ಕಡೆ ‘ಆಯ್ತು’ ಎಂದರೆ ಮುಗಿಯಿತು ಎಂದೂ ಆಗುತ್ತದೆ. ನೀವು ಹೇಳಿದ್ದು ಕಿವಿಗೆ ಬಿತ್ತು, ಪುರಸತ್ತು ಆದಾಗ ನೋಡೋಣ ಎಂದೂ ಆಗುತ್ತದೆ. ದರ್ಜಿಯಿಂದ, ಬಡಗಿಯಿಂದ, ಕಚೇರಿಯ ಗುಮಾಸ್ತನಿಂದ ಆ ಎರಡನೆಯ ಆಯ್ತುವನ್ನೇ ಕೇಳಿ ಕೇಳಿ ದೊಡ್ಡವಳಾದ ಭುವನೇಶ್ವರಿಗೆ ಹೆಸರಿಡುವಾಗ ಅದು ಹೊಳೆಯದೇ ಹೋಯಿತು.

ಈಗ ಅವಳು ಪರದೆಯನ್ನು ಕಣ್ಣು ಬಿಟ್ಟು ನೋಡಿದಳು. ಫೋನನ್ನು ಬಟ್ಟೆಯಲ್ಲಿ ಸುತ್ತಿ ಬೇವಿನ ಮರಕ್ಕೆ ತೂಗುಹಾಕಿ ತೊಗರಿ ಹೊಲಕ್ಕಿಳಿದ ಹೆಂಗಸರು, ಬೀಗರ ಜೊತೆ ಮಾತಾಡುತ್ತ ಲೈನು ಹಿಡಿದು ಕೂತವರು, ಚಾರ್ಜ್ ಮುಗಿದವರು, ಇಷ್ಟೂ ಜನ ಒಂದೇ ಗಳಿಗೆಯಲ್ಲಿ ಫೋನೆತ್ತಿ ಒಂದನ್ನು ಒತ್ತುವುದುಂಟೆ? ಆ ಊರಿನವರು ಇವತ್ತಿನವರೆಗೆ ಯಾವ ಮಾತಿಗೂ ಒಟ್ಟಿಗೆ ಹೂಂ ಅಂದವರಲ್ಲ.

ಅವಳು ಸಂತೋಷಕುಮಾರನನ್ನೂ ಅದೇ ಕರೆಗೆ ಸೇರಿಸಿಕೊಂಡಳು. ಅವನು ತಾನು ಬರೆದದ್ದನ್ನು ತೆರೆದು ನೋಡಿದ. ಅವನ ಉಸಿರು ಏರಿದ್ದು ಸೇಡಂವರೆಗೆ ಕೇಳಿಸಿತು.

“ತಪ್ಪಾಗ್ಯಾದ್ರಿ ಅಕ್ಕಾ. ಫೋನ್ ಹೋಗೋಕಿನ ಮುಂಚೇನೇ ಹೆಸರು ಹಸಿರು ಮಾಡ್ಲಿಕತ್ತದ. ಹಸಿರು ಆದವ್ರಿಗಿ ಮತ್ಯಾಕ ಫೋನು ಅಂತ ಬಿಟ್ಟು ಬಿಡ್ಲಿಕತ್ತದ.”

“ಅಂದ್ರ ಎಷ್ಟ ಮಂದಿಗಿ ಹೋಗಿಲ್ಲ?”

“ಒಬ್ಬರಿಗೂ ಹೋಗಿಲ್ರಿ.”

ಅವಳ ಕಣ್ಣ ಮುಂದೆ ಬಂದದ್ದು ಕುರಿ ಕಾಯುವ ಮುದುಕ ಹಣಮಪ್ಪ. ಉಳಿದವರಿಗೆ ಸೈರನ್ ಇತ್ತು. ಅದು ಕೂಗಿದರೆ ಎದ್ದು ಓಡಿಯಾರು. ಹಣಮಪ್ಪನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಕುರಿಗಳನ್ನು ಹಳ್ಳದ ತಗ್ಗಿಗೆ ಬಿಟ್ಟು, ಜಾಲಿಯ ನೆರಳಲ್ಲಿ ತಲೆಗೆ ಟವೆಲ್ ಸುತ್ತಿ ಮಲಗುವುದು ಅವನ ರೂಢಿ. ಕೆಂಪು ಬಾವುಟ ಹಿಡಿದು ನಿಲ್ಲುವ ಕಾವಲಿನವರಿಗೆ ಆ ತಗ್ಗು ಕಾಣುತ್ತಿರಲಿಲ್ಲ. ಭುವನೇಶ್ವರಿಯೇ ಅವನ ಫೋನನ್ನು ನಡುಗುವಂತೆ ಮಾಡಿ, ಅಂಗಿಯ ಎದೆಯ ಜೇಬಿಗೆ ಹಾಕಿ, ಇದು ನಡುಗಿದರೆ ಏಳಬೇಕು, ರೋಡ್ ದಾಟಬೇಕು, ತಿರುಗಿ ಹಚ್ಚಿ ಒಂದನ್ನು ಒತ್ತಬೇಕು ಎಂದು ಕೈಸನ್ನೆ ಮಾಡಿ ಕಲಿಸಿ ಬಂದಿದ್ದಳು. ಕಿವಿ ಕೇಳದವನಿಗೆ ಬೇರೆ ಯಾರೂ ಫೋನ್ ಮಾಡುತ್ತಿರಲಿಲ್ಲವಾದ್ದರಿಂದ ಗಲಿಬಿಲಿಯ ಪ್ರಶ್ನೆಯೇ ಇರಲಿಲ್ಲ. ಇವತ್ತು ಆ ಫೋನು ಜೇಬಿನಲ್ಲಿ ತಣ್ಣಗೆ ಮಲಗಿದೆ. ಮುದುಕನೂ ಮಲಗಿದ್ದಾನೆ. ಮೇಲೆ ಗಣಿಯಲ್ಲಿ ಭೀಮಶ್ಯಾ ಹಸಿರು ನೋಡಿ ಮುಂದಿನ ತಯಾರಿಗೆ ನಿಂತಿದ್ದಾನೆ.

ಅವಳೇ ಹಣಮಪ್ಪನ ನಂಬರಿಗೆ ಫೋನ್ ಹಚ್ಚಿದಳು. ಹಳ್ಳದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು, ಲೈನು ಸೇರಲಿಲ್ಲ. ಭೀಮಶ್ಯಾನ ಫೋನು ಬಂದ್ ಆಗಿತ್ತು. ಮದ್ದು ತುಂಬಿದ ಜಾಗದಲ್ಲಿ ಮೊಬೈಲ್ ಬಂದ್ ಮಾಡಿಡುವುದು ನಿಯಮ. ಒಳ್ಳೆಯ ನಿಯಮವೇ, ಆದರೆ ಆ ಹೊತ್ತಿಗೆ ಅವಳಿಗೆ ಅದರ ಮೇಲೆ ಕೆಂಡದಂಥ ಸಿಟ್ಟು ಬಂತು. ಗುರುಲಿಂಗಯ್ಯನವರು ಒಳಗಿನ ಕೋಣೆಯಿಂದ ಓಡಿ ಬಂದು ಗಣಿಯ ಆಫೀಸಿಗೆ ಹಚ್ಚಿದರು.

“ರಿಂಗ್ ಆಗ್ಲಿಕತ್ತದ, ಯಾರೂ ಎತ್ತವಲ್ರು. ಊಟಕ್ಕ ಹೋಗ್ಯಾರ ಕಾಣ್ತದ.” ಅವರು ಗೋಡೆಯ ಮೊಳೆಯಿಂದ ಗಾಡಿಯ ಕೀಲಿ ತೆಗೆದರು. “ಗಾಡಿ ತಗೊಂಡು ನಾ ಹೋಗ್ಲೇನು ಭುವನೇಶ್ವರಿ?”

“ನೀವು ಮುಟ್ಟೂದ್ರಾಗ ಹಾರಿಸಿರ್ತಾರ್ರಿ ಸರ್. ಹಚ್ಚಕೋತ ಇರ್ರಿ.” ಅವಳು ತನ್ನ ಫೋನಿಗೆ ತಿರುಗಿದಳು. “ಸಂತೋಷ, ಇವತ್ತ ಮುಂಜಾನಿ ಹೋದದ್ದು ತೆಗದು ಹಳೇದು ತಿರುಗಿ ಹಾಕ್ಲಿಕ್ಕಿ ಆಗ್ತದಿಲ್ಲ?”

“ಆಗ್ತದ್ರಿ. ಬೋರ್ಡಿನ್ಯಾಗ ಹಳೇದೆಲ್ಲ ಅದ. ಒತ್ತೀನಿ. ಖರೇ ಅದ್ನಾನ್ ಒಪ್ಪಬೇಕ್ರಿ. ಒಬ್ಬನೇ ಮಾಡಬಾರ್ದು ಅಂತ ನೀವೇ ರೂಲ್ ಹಾಕೀರಿ.”

ಮುಂಚಿನಂತೆ ಆಗಿದ್ದರೆ ಹಳೆಯದು ಯಾರ ಲ್ಯಾಪ್‌ಟಾಪಿನಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತಿತ್ತು. ಈಗ ಉಳಿದದ್ದು ಚಿಂಚೋಳಿಯ ಒಂದು ಹೆಬ್ಬೆರಳು.

“ಅದ್ನಾನ್, ಬೋರ್ಡ್ ತೆಗಿ. ಸಂತೋಷ ಹಳೇದು ಹಾಕ್ಲಿಕ್ಕಿ ಕೇಳ್ಯಾನ. ಒಪ್ಪು.”

“ಆಯ್ತ್ರಿ ಅಕ್ಕಾ.”

ಪರದೆಯಲ್ಲಿ ಏನೂ ಬದಲಾಗಲಿಲ್ಲ. ಹಸಿರು ಹಸಿರಾಗಿಯೇ ಕೂತಿತ್ತು.

“ಯಾವ ಆಯ್ತೋ?” ಭುವನೇಶ್ವರಿ ಕಿರುಚಿದಳು. ಕೆಳಗೆ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರು ತಲೆ ಎತ್ತಿರಬೇಕು. “ಕೇಳಿದ ಆಯ್ತೋ, ಮಾಡಿದ ಆಯ್ತೋ?”

“ಕೇಳಿದ್ದ್ರಿ, ಕೇಳಿದ್ದು! ತಡೀರಿ, ನೆಟ್ ತಿರಗಲಿಕತ್ತದ... ಹೋಟೆಲ್ ಹೊರಗ ಬಂದೀನಿ... ತೆಗೀತು... ಹಾಂ! ಅಕ್ಕಾ, ಆಯ್ತು! ಮಾಡಿದ ಆಯ್ತು!”

ಹಸಿರು ಒಮ್ಮೆಲೇ ಅಳಿಸಿಹೋಗಿ ಇಡೀ ಸಾಲು ಕೆಂಪಗಾಯಿತು. ಅಷ್ಟು ಚೆಂದದ ಕೆಂಪನ್ನು ಅವಳು ಅದುವರೆಗೆ ನೋಡಿರಲಿಲ್ಲ. ಇದೇ ಪರದೆ ಗಣಿಯ ಕಾವಲುಗುಡಿಸಲಿನಲ್ಲೂ ಇದೆ. ಆದರೆ ಭೀಮಶ್ಯಾ ಅದನ್ನು ನೋಡುತ್ತಿದ್ದಾನೋ, ಆಗಲೇ ಒಮ್ಮೆ ನೋಡಿ ಬೆನ್ನು ತಿರುಗಿಸಿದ್ದಾನೋ? ಗುರುಲಿಂಗಯ್ಯನವರು ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು.

ಅವರ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಗಣಿಯ ಆಫೀಸಿನದು. ಸ್ಪೀಕರ್ ಹಾಕಿದ್ದೇ ತಡ, ಆ ಕಡೆಯಿಂದ ಬೈಗುಳ ಶುರುವಾಯಿತು.

“ಏನ್ರೀ ನಿಮ್ದು ಹಣೇಬರ! ಈಗ ಹಸಿರು ತೋರ್ಸಿ ಈಗ ಎಲ್ಲಾ ಕೆಂಪು ಮಾಡೀರಿ? ಭೀಮಶ್ಯಾ ಕೆಲ್ಸ ನಿಂದರಿಸಿ ನನ್ನ ತಲಿ ತಿನ್ಲಿಕತ್ತಾನ. ಊಟನೂ ಮಾಡಗೊಡಲ್ರಿ ನೀವು!”

“ಬೈರಿ ಸಾಹೇಬ್ರ, ಬೈರಿ,” ಎಂದರು ಗುರುಲಿಂಗಯ್ಯ. ಅವರ ಕಣ್ಣಲ್ಲಿ ನೀರಿತ್ತು. ಬೈಸಿಕೊಂಡು ಇಷ್ಟು ಸುಖಪಟ್ಟವರನ್ನು ಭುವನೇಶ್ವರಿ ನೋಡಿರಲಿಲ್ಲ. ಅವಳು ಫೋನ್ ಇಸಿದುಕೊಂಡು ತಪ್ಪು ತಮ್ಮದೇ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಎಲ್ಲ ಹೆಸರೂ ಹಸಿರಾಗುವವರೆಗೆ ಕೈ ಹಚ್ಚಬೇಡಿ ಎಂದು ಕೇಳಿಕೊಂಡಳು.

ಹಳೆಯ ಸಾಫ್ಟ್‌ವೇರು ತನ್ನ ನಿಧಾನದ ನಡಿಗೆಯಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡತೊಡಗಿತು. ಒಂದು ಹಸಿರಾಯಿತು. ಎಷ್ಟೋ ಹೊತ್ತಿಗೆ ಇನ್ನೊಂದು. ಎತ್ತದವರ ಊರಿಗೆ ಗುರುಲಿಂಗಯ್ಯನವರೇ ಫೋನ್ ಮಾಡಿ, ಮನೆಯವರನ್ನು ಹೊಲಕ್ಕೆ ಓಡಿಸಿದರು. ಕೊನೆಗೆ ಒಂದೇ ಹೆಸರು ಕೆಂಪಗೆ ಉಳಿಯಿತು. ಹಣಮಪ್ಪನಿಗೆ ಕರೆ ಹೋಗಿದೆ, ರಿಂಗ್ ಆಗಿದೆ ಎಂದು ಪರದೆ ಹೇಳುತ್ತಿತ್ತು. ಒತ್ತಿರಲಿಲ್ಲ.

“ಎದ್ದಿರ್ತಾನ್ರಿ,” ಎಂದ ಅದ್ನಾನ್. ಅವನ ದನಿ ಅಳುವವನಂತಿತ್ತು.

ಡಬ್ಬಿಯಲ್ಲಿ ರೊಟ್ಟಿ ಒಣಗಿ ಮುರುಟಿತು. ಕೆಳಗೆ ಅಂಗಡಿಯಲ್ಲಿ ಸೀರೆ ಒಂದಕ್ಕೆ ಚೌಕಾಸಿ ನಡೆದು, ಮುರಿದು, ಮತ್ತೆ ಕೂಡಿತು. ಆಗ ಹಣಮಪ್ಪನ ಹೆಸರು ಹಸಿರಾಯಿತು.

ಭುವನೇಶ್ವರಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅತ್ತು ಹಗುರಾಗಿ, ಮುಖ ತೊಳೆದು ಬಂದು, ಮೊದಲು ಮಾಡಿದ ಕೆಲಸವೆಂದರೆ ಬೋರ್ಡಿನ ಕೊನೆಯ ಮನೆಯ ಹೆಸರನ್ನು ಅಳಿಸಿದ್ದು. ‘ನೋಡಿ ಮುಗಿಸೀನಿ’ ಎಂದು ಬರೆದಳು. ಕೇಳಿಸಿಕೊಂಡವರು ಒತ್ತಲಿಕ್ಕೆ ‘ತಿಳೀತು’ ಎಂಬ ಬೇರೆಯೇ ಗುಂಡಿ ಮಾಡಿದಳು. ಸಂತೋಷಕುಮಾರ ತಪ್ಪು ತನ್ನದೆಂದ, ಅದ್ನಾನ್ ತನ್ನದೆಂದ. ಹೆಸರಿಟ್ಟವಳು ನಾನಲ್ಲವೇ ಎಂದು ಇವಳು ಇಬ್ಬರ ಬಾಯನ್ನೂ ಮುಚ್ಚಿಸಿದಳು. ಗುರುಲಿಂಗಯ್ಯನವರು ಬೋರ್ಡನ್ನು ತೆಗೆದುಹಾಕಿ ಎಂದಾರೆಂಬ ಅಂಜಿಕೆ ಅವಳಿಗಿತ್ತು. ಅವರು ಎರಡು ಚಹಾ ತರಿಸಿ, “ಇದಿರಲಿಲ್ಲಂದ್ರ ಇವತ್ತ ಹಳೇದು ಎಲ್ಲಿ ಹುಡುಕ್ತಿದ್ದೆವು?” ಎಂದಷ್ಟೇ ಹೇಳಿದರು.

ಪರದೆ ಹೇಳಿದ್ದನ್ನು ನಂಬಿದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಟಂಟಂ ಆಟೋ ಹಿಡಿದು ಹಣಮಪ್ಪನ ಊರಿಗೆ ಹೋದಳು. ಅವನ ಹೆಂಡತಿ ಗುಂಡಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಬಾ ಯವ್ವಾ, ಕುಂದ್ರು. ಇತ್ತಾಗ ಏನ್ ಬಂದಿ?”

“ಸುಮ್ಮ ಬಂದೀನಿ ಆಯಿ. ಮುತ್ಯಾ ಎಲ್ಲಿ?”

“ಬರ್ಲಿಕತ್ತಾನ ನೋಡು.”

ಧೂಳೆಬ್ಬಿಸುತ್ತ ಕುರಿಗಳು ಬಂದವು. ಹಿಂದೆ ಹಣಮಪ್ಪ, ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಎದೆಗವಚಿದ ಪುಟ್ಟ ಮರಿ. ಇವಳನ್ನು ಕಂಡು, ಕಿವಿ ಕೇಳದವರು ಮಾತಾಡುವಂತೆ ಊರಿಗೆಲ್ಲ ಕೇಳುವ ಹಾಗೆ ಕೂಗಿದ. “ಏ ಸೇಡಂ ತಂಗೀ! ಇವತ್ತ ನಿನ್ನ ಫೋನ್ ಭಾಳ ತಡಾ ಬಂತಲ್ಲ!”

ಭುವನೇಶ್ವರಿ ಅವನ ಮುಂದೆ ನಿಂತು, ಗುಂಡಿ ಒತ್ತುವ ಕೈಸನ್ನೆ ಮಾಡುತ್ತ ಕೂಗಿದಳು. “ನೀ ಯಾಕ ತಡಾ ಮಾಡ್ದಿ ಮುತ್ಯಾ? ಎಲ್ಲಾರೂ ಒತ್ತಿದ್ರು, ನೀ ಒತ್ತಲಿಲ್ಲ. ನನ್ನ ಜೀವ ಬಾಯಿಗಿ ಬಂದಿತ್ತು!”

ಅವನು ಬಡಿಗೆ ಮತ್ತು ಮರಿ ಎರಡನ್ನೂ ಎತ್ತಿ ತೋರಿಸಿದ. “ಹ್ಯಾಂಗ ಒತ್ಲಿ? ಒಂದ ಕೈಯಾಗ ಇದು, ಒಂದ ಕೈಯಾಗ ಇದು. ನಿನ್ನಿ ಹುಟ್ಟ್ಯಾದ, ನಡಿ ಅಂದ್ರ ಕುಂದರ್ತದ. ರೋಡ್ ದಾಟಿ, ಕುರಿ ಎಲ್ಲಾ ಬಂದಾವೇನು ನೋಡಿ, ಇದಕ್ಕ ಕೆಳಗ ಇಟ್ಟೆ. ಆಮ್ಯಾಕ ಒತ್ತೀನಿ.”

“ದಿನಾ ಹಿಂಗೇ ಮಾಡ್ತಾನ,” ಎಂದಳು ಗುಂಡಮ್ಮ ಮೊರದಿಂದ ತಲೆಯೆತ್ತದೆ. “ಮೊದಲ ಒತ್ತಿ ಬಾ ಅಂದ್ರ ಕೇಳಲ್ಲ.”

ಭುವನೇಶ್ವರಿ ಏನೋ ಹೇಳಲು ಬಾಯಿ ತೆರೆದವಳು, ಈ ಮುತ್ಯಾನದು ದಿನಾ ಮಾಡಿದ ಆಯ್ತೇ ಎಂದು ಹೊಳೆದು, ನಕ್ಕಳು. ನಗು ಬಂದದ್ದು ನಿಲ್ಲಲಿಲ್ಲ. ಹಣಮಪ್ಪ ಅವಳನ್ನು ವಿಚಿತ್ರವಾಗಿ ನೋಡಿ, ಹಟ್ಟಿಯ ಬಾಗಿಲಿಗಿದ್ದ ಮುಳ್ಳಿನ ಪಡಕು ಎತ್ತಬೇಕಿದ್ದರಿಂದ, ಮರಿಯನ್ನು ಅವಳ ಕೈಗೆ ಹಾಕಿದ. ಅದು ಬೆಚ್ಚಗಿತ್ತು, ನೆನೆಸಿದ್ದಕ್ಕಿಂತ ಭಾರವಾಗಿತ್ತು. ಅವಳು ಎರಡೂ ತೋಳಿನಿಂದ ಅದನ್ನು ಅವಚಿಕೊಂಡಳು. ಬ್ಯಾಗಿನಲ್ಲಿ ಅವಳ ಫೋನು ಬಾರಿಸತೊಡಗಿತು, ಅದ್ನಾನನೋ, ಗುರುಲಿಂಗಯ್ಯನವರೋ. ಕುರಿಗಳು ಒಂದನ್ನೊಂದು ನೂಕುತ್ತ ಒಳಗೆ ಹೋಗುತ್ತಿದ್ದವು. ಫೋನು ಬಾರಿಸಿ ಬಾರಿಸಿ ಸುಮ್ಮನಾಯಿತು. ಮರಿ ಅವಳ ದುಪಟ್ಟಾದ ತುದಿಯನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು.