ಬೂಟಿನೊಳಗೆ

ಶಾಲೆಯ ಈ ವರ್ಷದ ಕೊನೆಯ ಕುದುರೆ ಜಿಗಿತದ ಪಂದ್ಯದಲ್ಲಿ ನಮ್ಮ ಕುದುರೆ ಅಡ್ಡಪಟ್ಟಿ ಕೆಡವಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಪ್ ಹೋಯಿತು. ಅದರ ಸವಾರಿ ಮಾಡಿದ್ದ, ಬೆಳಿಗ್ಗೆಯಷ್ಟೇ ಈಜಿನಲ್ಲೂ ಸೋತಿದ್ದ ಹುಡುಗಿ ಲಾಯಕ್ಕೆ ಬಂದವಳೇ ಕುದುರೆಗೆ ಚಾವಟಿಯಿಂದ ಬಾರಿಸತೊಡಗಿದಳು. ಚರ್ಮ ಕಿತ್ತು ರಕ್ತ ಬಂತು. ಅದನ್ನು ಮರಿಯಿಂದ ಸಾಕಿದ ಲಾಯದ ಮುದುಕ ನಾನು, ಪಿತ್ತ ನೆತ್ತಿಗೇರಿತು. ಚಾವಟಿ ಕಿತ್ತುಕೊಂಡು ಅವಳನ್ನು ಗೋಡೆಗೆ ನೂಕಿದೆ.

“ಮೂಕಪ್ರಾಣಿ ಕಣೇ ಅದು! ನಿನಗೂ ನಾಲ್ಕು ಬಿಡ್ಲಾ?”

“ಅದರ ತಪ್ಪಲ್ಲ. ಅದು ಜಿಗಿಯೋವಾಗ ನನಗೇ ಕಾಲೂರಿ ಜೀನಿನಿಂದ ಮೇಲೇಳೋಕಾಗ್ಲಿಲ್ಲ.”

ಅವಳು ಕುಳಿತು ಬೂಟು, ಕಾಲುಚೀಲ ಎಳೆದು ತೆಗೆದಳು. ಅಂಗಾಲಿನ ತುಂಬ ಬಾಸುಂಡೆ.

“ಇಲ್ಲಿಗೇ ಹೊಡಿ ಅಜ್ಜ. ಈಜುಡುಗೆ ಹಾಕಿದ್ರೂ ಯಾರಿಗೂ ಕಾಣಲ್ಲ. ಬೆಳಿಗ್ಗೆ ಈಜು ಮೇಷ್ಟ್ರು ಹೊಡೆದಿದ್ದೂ ಇಲ್ಲಿಗೇ.”